ಮಾವಿನ ಮರದ ಕವಲಲ್ಲಿ ಕೂತಿರುವುದು ಮರಕೆಸುವೇ?

ಓದುಗರ ಪ್ರಶ್ನೆ: "ನನ್ನ ಗಂಡನ ಊರು ಶಿರಸಿ ಹತ್ತಿರ. ನಾವಿರುವುದು ಬೆಂಗಳೂರಿನಲ್ಲಿ. ಅತ್ತೆ ಇದ್ದಾಗ ಪ್ರತಿ ಮಳೆಗಾಲ ಮರಕೆಸುವಿನ ಎಲೆಗೆ ಅಕ್ಕಿಯ ಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸಿ ಪತ್ರೊಡೆ ಮಾಡುತ್ತಿದ್ದರು. ಎಲೆ ಎಲ್ಲಿಂದ ತರುತ್ತೀರಿ ಅಂತ ನಾನು ಒಂದು ದಿನವೂ ಕೇಳಲಿಲ್ಲ. ಅವರು ತೀರಿಕೊಂಡು ಎರಡು ವರ್ಷವಾಯಿತು. ಈ ಸಲ ಚೌತಿಗೆ ಹೋದಾಗ ನಾನೇ ಹುಡುಕಲು ಹೊರಟೆ. ಮೂರು ಕಡೆ ಮೂರು ಗಿಡದ ಫೋಟೊ ಕಳಿಸಿದ್ದೇನೆ. ಮೊದಲನೆಯದು ಹಿತ್ತಲಿನ ಹಳೇ ಮಾವಿನ ಮರದ ಕವಲಲ್ಲಿ ಇತ್ತು, ಎಲೆ ಒಂದು ಗೇಣಿಗಿಂತ ಸ್ವಲ್ಪ ದೊಡ್ಡದು. ಎರಡನೆಯದು ಬಾವಿಯ ಚಿರೆಕಲ್ಲು ಕಟ್ಟೆಯ ಪಾಚಿಯಲ್ಲಿ, ಅಂಗೈಗಿಂತ ಸಣ್ಣ ಎಲೆ. ಇದು ಮರಕೆಸುವಿನ ಮರಿಯೇ? ಮೂರನೆಯದು ಬೆಂಗಳೂರಿನ ನರ್ಸರಿಯಲ್ಲಿ ಮರಕೆಸು ಎಂದು ಹೇಳಿ ಮಾರಿದ ಕುಂಡದ ಗಿಡ. ಮೊಬೈಲ್ ಆ್ಯಪ್ ಮೂರಕ್ಕೂ ಅಲೋಕೇಸಿಯಾ ಎನ್ನುತ್ತಿದೆ. ಪಕ್ಕದ ಮನೆಯವರು ಎಲ್ಲವೂ ವಿಷ, ಮುಟ್ಟಬೇಡಿ ಎಂದರು. ಊರಲ್ಲಿ ಚಿಕ್ಕಮ್ಮ ಒಬ್ಬರು, ಕಾಸರಕನ ಮರದ ಮೇಲಿನದಾದರೆ ಮಾತ್ರ ವಿಷ, ಮಾವಿನದಾದರೆ ಧೈರ್ಯವಾಗಿ ತಿನ್ನು ಎಂದರು. ನಾದಿನಿ ಮಾವಿನ ಮರದಿಂದ ಒಂದು ಗೆಡ್ಡೆ ಕಿತ್ತುಕೊಟ್ಟಳು. ಮರದ ಕೆಳಗೆ ನಿಂತಿದ್ದಾಗ ಸೀರೆಗೆ ಏನೇನೋ ಅಂಟಿತ್ತು, ಉತ್ತರಾಣಿ ಇರಬೇಕು, ಬಿಡಿಸುವುದರಲ್ಲಿ ಸಾಕಾಯಿತು. ಗೆಡ್ಡೆಯನ್ನು ಬಾಲ್ಕನಿಯ ಕುಂಡದಲ್ಲಿ ನೆಟ್ಟೆ. ಒಂದೇ ಒಂದು ಎಲೆ ಬಂತು, ನವೆಂಬರ್‌ನಲ್ಲಿ ಅದೂ ಹಳದಿಯಾಗಿ ಬಿದ್ದುಹೋಯಿತು. ಎಸೆದುಬಿಡಲೇ? ಮುಂದಿನ ಮಳೆಗಾಲಕ್ಕಾದರೂ ಧೈರ್ಯವಾಗಿ ಒಂದು ಪತ್ರೊಡೆ ಮಾಡಬಹುದೇ?"

ಉತ್ತರ:

ಕುಂಡವನ್ನು ಎಸೆಯಬೇಡಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಉತ್ತರವನ್ನು ನೀವೇ ಬರೆದಿದ್ದೀರಿ, ಆದರೆ ಅದನ್ನು ಗಮನಿಸದೆ ದಾಟಿಹೋಗಿದ್ದೀರಿ. ಸೀರೆಗೆ ಅಂಟಿದ್ದು ಉತ್ತರಾಣಿ ಅಂದುಕೊಂಡಿರಿ ಅಲ್ವಾ? ಉತ್ತರಾಣಿ ನೆಲದಿಂದ ಮೊಣಕಾಲು, ಸೊಂಟದ ಎತ್ತರಕ್ಕೆ ಬೆಳೆಯುವ ಗಿಡ. ಸೀರೆಯ ಅಂಚಿಗೆ, ನೆರಿಗೆಗೆ ಅಂಟುತ್ತದೆ. ನೀವು ಕಳಿಸಿದ ಫೋಟೊಗಳಲ್ಲಿ ಒಂದರಲ್ಲಿ ನೀವೇ ನಿಂತಿದ್ದೀರಿ. ಹೆಗಲ ಮೇಲೆ, ಸೆರಗಿನ ಮೇಲೆ ಕಂದು ಚುಕ್ಕೆಗಳ ಹಾಗೆ ಏನೋ ಇದೆ. ಅವು ಮೇಲಿನಿಂದ ಬಿದ್ದವು. ದೊಡ್ಡದು ಮಾಡಿ ನೋಡಿದೆ. ಜೋಳದ ಕಾಳಿಗಿಂತ ಸಣ್ಣ ಮರಿಗೆಡ್ಡೆಗಳು, ಮೈತುಂಬ ಕೊಕ್ಕೆಯ ಹಾಗೆ ಬಾಗಿದ ಎಳೆಗಳು. ನಮ್ಮ ಕಾಡಿನಲ್ಲಿ ಕೆಸುವಿನ ಜಾತಿಯ ಗಿಡವೊಂದು ಮರದ ಮೇಲೆ ಕೂತು ಇಂಥದ್ದನ್ನು ಉದುರಿಸುತ್ತಿದ್ದರೆ ಅದು ಮರಕೆಸುವೇ.

ಮೂವತ್ತು ವರ್ಷ ಮಲೆನಾಡಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವನು ನಾನು. ಮಳೆಗಾಲ ಶುರುವಾದರೆ ನನಗೆ ಬರುತ್ತಿದ್ದ ಪ್ರಶ್ನೆಗಳಲ್ಲಿ ಅರ್ಧ ಇದೇ: "ಸರ್, ಇದು ತಿನ್ನುವ ಕೆಸುವಾ?" ಎಲ್ಲರೂ ಎಲೆಯನ್ನೇ ಕಿತ್ತು ತರುತ್ತಿದ್ದರು. ಈಗ ಎಲೆಯ ಫೋಟೊ ಕಳಿಸುತ್ತಾರೆ, ಅಷ್ಟೇ ವ್ಯತ್ಯಾಸ. ಆದರೆ ಈ ಕುಟುಂಬದಲ್ಲಿ ಎಲೆಯಷ್ಟು ಮೋಸ ಮಾಡುವ ಭಾಗ ಬೇರೆ ಇಲ್ಲ.

ಕುಟುಂಬ ಅಂದೆ. ಕೆಸು, ಸುವರ್ಣಗಡ್ಡೆ, ಹಾಲ್‌ನಲ್ಲಿ ಇಡುವ ಮನಿ ಪ್ಲಾಂಟ್, ಮದುವೆ ಮಂಟಪದ ಕೆಂಪು ಆಂಥೂರಿಯಂ, ಕಾಡಿನಲ್ಲಿ ಹಾವಿನ ಹೆಡೆಯ ಹಾಗೆ ಏಳುವ ಗೆಡ್ಡೆ ಗಿಡಗಳು, ಎಲ್ಲ ಒಂದೇ ಮನೆತನ. ಪ್ರಪಂಚದಲ್ಲಿ 3,000ಕ್ಕೂ ಜಾಸ್ತಿ ಜಾತಿಗಳಿವೆ. ಇವನ್ನು ಒಂದು ಮಾಡುವುದು ಹೂವು. ನಡುವೆ ಒಂದು ಕೋಲು, ಅದರ ಸುತ್ತ ಹೆಡೆಯ ಹಾಗೆ ಅಥವಾ ದೋಣಿಯ ಹಾಗೆ ಒಂದು ಹೊದಿಕೆ. ಕೋಲಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹೂಗಳು. ಸುಮಾತ್ರಾ ಕಾಡಿನಲ್ಲಿ ಆಳೆತ್ತರಕ್ಕಿಂತ ಜಾಸ್ತಿ ಬೆಳೆದು ಕೊಳೆತ ಮಾಂಸದ ವಾಸನೆ ಬಿಡುವ ಹೂವಿನ ಸುದ್ದಿ ಪೇಪರಿನಲ್ಲಿ ಬರುತ್ತಿರುತ್ತದಲ್ಲ, ಅದೂ ನಿಮ್ಮ ಪತ್ರೊಡೆಯ ನೆಂಟನೇ.

ಮರಕೆಸು ಮಾತ್ರ ಹೂ ಬಿಡುವುದರಲ್ಲಿ ಮಹಾ ಜಿಪುಣ. ಏಪ್ರಿಲ್–ಮೇ ತಿಂಗಳಲ್ಲಿ, ಎಲೆ ಬರುವ ಮೊದಲು, ಹಳದಿ ಹೊದಿಕೆಯ ಹೂವು ಬರಬೇಕು. ಇಷ್ಟು ವರ್ಷ ಕಾಡು ಸುತ್ತಿ ನಾನು ಅದನ್ನು ಕಣ್ಣಾರೆ ಕಂಡದ್ದು ಎರಡೇ ಸಲ. ಹೂವೇ ಅಪರೂಪವಾದ ಮೇಲೆ ಬೀಜದ ಮಾತು ದೂರ. ಹಾಗಾದರೆ ಇದು ಮರದಿಂದ ಮರಕ್ಕೆ ಹೋಗುವುದು ಹೇಗೆ? ನಿಮ್ಮ ಸೀರೆ ಹತ್ತಿದ ಹಾಗೆಯೇ. ಗೆಡ್ಡೆಯ ಪಕ್ಕದಿಂದ ಬೆರಳು ದಪ್ಪದ ಚಿಗುರೊಂದು ನೆಟ್ಟಗೆ ಮೇಲೇಳುತ್ತದೆ. ಅದಕ್ಕೆ ಎಲೆ ಇರುವುದಿಲ್ಲ, ಕೊಂಬೆಯೂ ಇರುವುದಿಲ್ಲ. ಮೈತುಂಬ ಮರಿಗೆಡ್ಡೆಗಳ ಗೊಂಚಲು. ಹಕ್ಕಿಯ ಪುಕ್ಕ, ಪ್ರಾಣಿಯ ತುಪ್ಪಳ, ಮನುಷ್ಯರ ಬಟ್ಟೆ, ಯಾವುದು ತಾಗಿದರೂ ಕೊಕ್ಕೆ ಹಾಕಿಕೊಂಡು ಹೊರಡುತ್ತವೆ. ಪಾಚಿ, ಕಸ, ತೇವ ಇರುವ ಕವಲು ಸಿಕ್ಕಿದರೆ ಅಲ್ಲೇ ಬೇರು ಬಿಡುತ್ತವೆ.

ಇದರ ವೈಜ್ಞಾನಿಕ ಹೆಸರು ರೆಮ್ಯುಸೇಶಿಯಾ ವಿವಿಪಾರಾ. ವಿವಿಪಾರಾ ಅಂದರೆ ಮರಿ ಹಾಕುವುದು. ಕಲ್ಕತ್ತೆಯ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ವಿಲಿಯಂ ರಾಕ್ಸ್‌ಬರ್ಗ್ ಈ ಗುಣ ಕಂಡೇ ಆ ಹೆಸರಿಟ್ಟದ್ದು. ಆಮೇಲೆ 1832ರಲ್ಲಿ ವಿಯೆನ್ನಾದ ಶಾಟ್ ಎಂಬ ಸಸ್ಯತಜ್ಞ ಇದಕ್ಕೆ ಬೇರೆಯೇ ಒಂದು ಕುಲ ಮಾಡಿ, ಚೀನೀ ಭಾಷೆಯ ಪಂಡಿತನಾಗಿದ್ದ ಫ್ರೆಂಚ್ ವಿದ್ವಾಂಸ ಆಬೆಲ್ ರೆಮ್ಯುಸಾ ಹೆಸರನ್ನು ಜೋಡಿಸಿದ. ಶಿರಸಿಯ ಪತ್ರೊಡೆಗೂ ಪ್ಯಾರಿಸ್‌ನ ಚೀನೀ ಮೇಷ್ಟ್ರಿಗೂ ಹೀಗೊಂದು ನಂಟು.

ಈಗ ನಿಮ್ಮ ಮೂರು ಫೋಟೊಗಳಿಗೆ ಬರೋಣ.

ಮೊದಲನೆಯದು, ಮಾವಿನ ಮರದ್ದು. ಎಲೆ ಹೃದಯದ ಆಕಾರ. ತೊಟ್ಟು ಎಲೆಯ ಅಂಚಿಗೆ ಸೇರಿಲ್ಲ, ಕೊಡೆಗೆ ಕೋಲು ಸೇರಿದ ಹಾಗೆ ಎಲೆಯ ಅಡಿಗೆ, ಸ್ವಲ್ಪ ಒಳಗೆ ಸೇರಿದೆ. ಒಂದು ಗೆಡ್ಡೆಗೆ ಒಂದೇ ಎಲೆ, ಅಪರೂಪಕ್ಕೆ ಎರಡು. ನಾದಿನಿ ಕಿತ್ತುಕೊಟ್ಟ ಗೆಡ್ಡೆ ಸಣ್ಣ ನಿಂಬೆಯಷ್ಟು, ಕೆಂಪು ಛಾಯೆ. ಜೊತೆಗೆ ಸೀರೆಯ ಸಾಕ್ಷಿ. ಇಷ್ಟೂ ಸೇರಿದ ಮೇಲೆ ನನಗೆ ಅನುಮಾನ ಉಳಿದಿಲ್ಲ. ನಿಮ್ಮ ಅತ್ತೆ ಎಲೆ ಕೊಯ್ಯುತ್ತಿದ್ದದ್ದು ಇದೇ ಮರದಿಂದ ಇರಬಹುದು. ಮನೆಗೆ ಹತ್ತಿರ, ಕವಲು ಕೈಗೆಟುಕುವಷ್ಟು ಕೆಳಗೆ.

ಎರಡನೆಯದು ಮರಕೆಸುವಿನ ಮರಿಯಲ್ಲ. ಇದು ಏರಿಯಾಪ್ಸಿಸ್ ಪೆಲ್ಟೇಟಾ ಎಂಬ ಬೇರೆಯೇ ಗಿಡ. ಪಶ್ಚಿಮ ಘಟ್ಟದ ಪಾಚಿ ಕಟ್ಟಿದ ಬಂಡೆ, ಚಿರೆಕಲ್ಲು ಗೋಡೆ, ಮರದ ಬುಡದಲ್ಲಿ ಮಳೆಗಾಲಕ್ಕೆ ಗುಂಪು ಗುಂಪಾಗಿ ಏಳುತ್ತದೆ. ಮರಕೆಸುವನ್ನು ಯಾರೋ ಕುಗ್ಗಿಸಿ ಇಟ್ಟ ಹಾಗೆ ಕಾಣುತ್ತದೆ. ಇದರ ತೊಟ್ಟೂ ಕೊಡೆಯ ಹಾಗೆಯೇ ಸೇರುತ್ತದೆ. ಇಲ್ಲೇ ಎಲ್ಲರೂ ಎಡವುವುದು. ಮೊದಲ ವರ್ಷ ಪಾಠ ಮಾಡುವಾಗ ನಾನೂ ವಿದ್ಯಾರ್ಥಿಗಳ ಮುಂದೆ ಇದನ್ನು ಮರಕೆಸು ಎಂದು ತೋರಿಸಿ, ಮರುದಿನ ತಿದ್ದಿಕೊಂಡಿದ್ದೆ. ಬಗ್ಗಿ ನೋಡಿದರೆ ಗೊತ್ತಾಗುತ್ತದೆ. ಎಲೆಗಳ ನಡುವೆ ನೇರಳೆ ಬಣ್ಣದ, ಉಗುರಿನಷ್ಟೇ ದೊಡ್ಡ ದೋಣಿಯಾಕಾರದ ಹೂವು ಇರುತ್ತದೆ. ಕೊಕ್ಕೆಯ ಗೊಂಚಲು ಇರುವುದೇ ಇಲ್ಲ. ಇದನ್ನು ಪತ್ರೊಡೆಗೆ ಬಳಸುವವರನ್ನು ನಾನು ಕಂಡಿಲ್ಲ. ನೀವೂ ಬಳಸಬೇಡಿ. ದೊಡ್ಡದಾಗಲಿ ಅಂತ ಕಾಯುವುದೂ ಬೇಡ, ಅದು ಇರುವುದೇ ಅಷ್ಟು. ಕಟ್ಟೆ ತೊಳೆಯುವಾಗ ಉಜ್ಜಿ ತೆಗೆಯದೆ ಬಿಟ್ಟರೆ ನನಗೆ ಸಂತೋಷ, ನೋಡಲು ಚಂದದ ಗಿಡ.

ಮೂರನೆಯದರ ವಿಷಯದಲ್ಲಿ ನಿಮ್ಮ ಆ್ಯಪ್ ಹೇಳಿದ್ದು ಸರಿ. ತೊಟ್ಟು ನೇರವಾಗಿ ಎಲೆಯ ಸೀಳಿನ ಅಂಚಿಗೆ ಬಂದು ಸೇರಿದೆ. ಎಲೆಯ ತುದಿ ಆಕಾಶಕ್ಕೆ ಮುಖ ಮಾಡಿದೆ. ಕೆಸುವಿನ ಎಲೆ ಹಾಗಲ್ಲ, ತಲೆ ತಗ್ಗಿಸಿ ತುದಿಯನ್ನು ಕೆಳಗೆ ಇಳಿಬಿಡುತ್ತದೆ. ಇದು ಅಲೋಕೇಸಿಯಾ, ಅಂದಕ್ಕೆ ಇಡುವ ಆನೆಕಿವಿ ಗಿಡ. ಬಾಗಿಲ ಪಕ್ಕ ಇರಲಿ, ಅಡುಗೆಮನೆಗೆ ಬೇಡ. ಮಾರಿದವರು ಬೇಕಂತಲೇ ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ದೊಡ್ಡ ಎಲೆಯ ಗಿಡಕ್ಕೆಲ್ಲ ಕೆಸು ಎನ್ನುವುದು ನಮ್ಮಲ್ಲಿ ರೂಢಿ.

ಆ್ಯಪ್ ಮೂರಕ್ಕೂ ಒಂದೇ ಹೆಸರು ಕೊಟ್ಟದ್ದೇಕೆ? ನೀವು ಅದಕ್ಕೆ ಮೂರನ್ನೂ ಮೇಲಿನಿಂದ ತೆಗೆದ ಫೋಟೊಗಳನ್ನೇ ಕೊಟ್ಟಿರಬೇಕು. ಮೇಲಿನಿಂದ ನೋಡಿದರೆ ಎಲ್ಲವೂ ಹೃದಯವೇ. ತೊಟ್ಟು ಎಲ್ಲಿ ಸೇರುತ್ತದೆ ಎಂಬುದು ಎಲೆಯನ್ನು ಮಗುಚಿದರೆ ಸ್ಪಷ್ಟವಾಗಿ ಕಾಣುತ್ತದೆ. ಮನೆ ಹಂಚಿನ ಮೇಲಿನ ಫೋಟೊ ತೋರಿಸಿ, ಒಳಗೆ ಯಾರಿದ್ದಾರೆ ಎಂದು ಕೇಳಿದ ಹಾಗೆ. ಮುಂದಿನ ಸಲ ನಾಲ್ಕು ಫೋಟೊ ತೆಗೆಯಿರಿ. ಎಲೆಯ ಬೆನ್ನು, ತೊಟ್ಟು ಹುಟ್ಟುವ ಬುಡ, ಗಿಡ ಕೂತಿರುವ ಜಾಗ, ಗೊಂಚಲೋ ಹೂವೋ ಇದ್ದರೆ ಅದು. ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟರೆ ಅಳತೆಯೂ ಗೊತ್ತಾಗುತ್ತದೆ.

ಆದರೆ ಒಂದು ಎಚ್ಚರಿಕೆ. "ತೊಟ್ಟು ಕೊಡೆಯ ಹಾಗಿದ್ದರೆ ತಿನ್ನಬಹುದು" ಎಂಬ ಸೂತ್ರ ಕೆಲವರ ಬಾಯಲ್ಲಿದೆ. ಅದು ಅಪಾಯದ ಅರ್ಧಸತ್ಯ. ಗದ್ದೆ ಬದುವಿನ ಕೆಸುವಿಗೂ ತೊಟ್ಟು ಹಾಗೇ ಇದೆ, ನಿಜ. ಆದರೆ ತೋಟದಿಂದ ತಪ್ಪಿಸಿಕೊಂಡು ರಸ್ತೆ ಬದಿ, ತೋಡಿನ ಬದಿ ಸೇರಿರುವ ಕ್ಯಾಲೇಡಿಯಂಗೂ ಹಾಗೇ ಇದೆ. ಅದು ಅಮೆರಿಕದ ಉಷ್ಣವಲಯದಿಂದ ಬಂದ ಅಂದದ ಗಿಡ. ಎಲೆಯ ಮೇಲೆ ಕೆಂಪು, ಗುಲಾಬಿ, ಬಿಳಿ ಮಚ್ಚೆ ಇದ್ದರೆ ಗುರುತು ಸುಲಭ. ಕಾಡು ಬಿದ್ದ ಮೇಲೆ ಮಚ್ಚೆ ಮಾಸಿದ ಗಿಡಗಳೂ ಸಿಗುತ್ತವೆ, ಅಲ್ಲಿ ಕಷ್ಟ. ಸಾಲದ್ದಕ್ಕೆ ಕೆಲವು ಅಲೋಕೇಸಿಯಾಗಳಿಗೆ ಎಳೆಯದರಲ್ಲಿ ಕೊಡೆಯ ತೊಟ್ಟು ಇದ್ದು, ಬೆಳೆದ ಮೇಲೆ ಬದಲಾಗುತ್ತದೆ. ಅದಕ್ಕೇ ನಾನು ತೊಟ್ಟನ್ನು ಮೊದಲ ಜರಡಿ ಎನ್ನುತ್ತೇನೆ. ತೊಟ್ಟು ಅಂಚಿಗೆ ಸೇರಿದ್ದರೆ ಅಲ್ಲಿಗೇ ಬಿಡಿ. ಕೊಡೆಯ ಹಾಗಿದ್ದರೆ ಇನ್ನೂ ಕೆಲಸ ಇದೆ ಎಂದರ್ಥ. ಕೊನೆಯ ತೀರ್ಪು ಕೊಕ್ಕೆಯ ಗೊಂಚಲಿನದು.

ಜಾಗವೂ ಸಾಕ್ಷಿ ಹೇಳುತ್ತದೆ, ಆದರೆ ಅದೊಂದೇ ಸಾಲದು. ಮರದ ಮೇಲಿರುವುದೆಲ್ಲ ಮರಕೆಸುವಲ್ಲ. ಮನಿ ಪ್ಲಾಂಟೂ ಅದರ ಕಾಡು ನೆಂಟರೂ ಬೇರು ಊರಿ ಹಬ್ಬಿ ಮರ ಏರುವ ಬಳ್ಳಿಗಳು. ತೂತುಬಿದ್ದ ದೊಡ್ಡ ಎಲೆಯ ಬಳ್ಳಿ ಕಂಡರೆ ಅದೂ ಇದೇ ಕುಟುಂಬ, ಬೇರೆ ಕುಲ. ಮರಕೆಸು ಹಬ್ಬುವುದಿಲ್ಲ, ಕವಲಲ್ಲಿ ಕೂರುತ್ತದೆ. ಹಾಗೆಯೇ ಮರಕೆಸು ಬಂಡೆಯ ಬಿರುಕಿನಲ್ಲೂ ಬದುಕುತ್ತದೆ. ಹಾಗಾಗಿ ಹೆಸರು ನಂಬಿ ಮರವನ್ನೇ ಹುಡುಕಬೇಕಿಲ್ಲ.

ಯಾವ ಮರ ಅದಕ್ಕೆ ಇಷ್ಟ? ಮಾವು, ಹಲಸು, ಮತ್ತಿ, ಹೊನ್ನೆಯಂಥ ಹಳೇ ಮರಗಳು. ತೊಗಟೆ ಒರಟಾಗಿರಬೇಕು, ಕವಲಲ್ಲಿ ವರ್ಷಗಟ್ಟಲೆ ಎಲೆ ಕೊಳೆತು ಒಂದು ಹಿಡಿ ಗೊಬ್ಬರ ಸೇರಿರಬೇಕು. ನಂದಿ ಮರ ತನ್ನ ತೊಗಟೆಯನ್ನು ಕಳಚಿ ನುಣ್ಣಗೆ ನಿಲ್ಲುತ್ತದೆ. ಅದರ ಮೇಲೆ ಯಾರಿಗೂ ಕಾಲೂರಲು ಜಾಗ ಇಲ್ಲ. ಅಕೇಶಿಯಾ ನೆಡುತೋಪಿನಲ್ಲಿ ಹುಡುಕುವುದು ಸುಮ್ನೆ ಕಾಲಹರಣ. "ಈಗ ಮೊದಲಿನ ಹಾಗೆ ಮರಕೆಸು ಸಿಗುವುದಿಲ್ಲ" ಎಂದು ಊರಲ್ಲಿ ಹೇಳುವವರಿಗೆ ನಾನು ಕೇಳುವುದು ಒಂದೇ, ಹಳೇ ಮಾವಿನ ಮರ ಎಷ್ಟು ಉಳಿದಿವೆ?

ಪ್ರಪಂಚದಲ್ಲಿ ಇದರ ಹರವು ದೊಡ್ಡದು. ಆಫ್ರಿಕಾದ ಉಷ್ಣವಲಯದಿಂದ ಅರೇಬಿಯಾದ ದಕ್ಷಿಣ ಅಂಚು, ನಮ್ಮ ಘಟ್ಟಗಳು, ಹಿಮಾಲಯದ ತಪ್ಪಲು, ದಕ್ಷಿಣ ಚೀನಾ, ಜಾವಾ ದಾಟಿ ಉತ್ತರ ಆಸ್ಟ್ರೇಲಿಯಾವರೆಗೆ. ಮರುಭೂಮಿ ಎಂದುಕೊಳ್ಳುವ ಅರೇಬಿಯಾದಲ್ಲಿ ಹೇಗೆ ಅನ್ನುತ್ತೀರಾ? ಒಮಾನಿನ ಸಲಾಲಾ ಕಡೆಯ ಬೆಟ್ಟಗಳಿಗೆ ನಮ್ಮದೇ ನೈಋತ್ಯ ಮುಂಗಾರು ಮಂಜಾಗಿ ಮುಟ್ಟುತ್ತದೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿ ಎಲ್ಲ ಹಸಿರು. ಇಷ್ಟು ದೂರ ಹಬ್ಬಿದ್ದರೂ ಇದನ್ನು ಹಬ್ಬದಡುಗೆ ಮಾಡಿಕೊಂಡವರು ಘಟ್ಟ ಮತ್ತು ಕರಾವಳಿಯ ನಾವು. ತುಳುವಿನವರು ಕೆಸುವಿಗೆ ತೇವು, ಚೇವು ಎನ್ನುತ್ತಾರೆ. ಮಳೆಗಾಲದ ಆಟಿ ತಿಂಗಳು ಬಂತೆಂದರೆ ಅಲ್ಲೂ ಕಣ್ಣು ಮರದ ಮೇಲೆ.

ಈಗ ವಿಷದ ಮಾತು. ಪಕ್ಕದ ಮನೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಈ ಕುಟುಂಬದ ಹೆಚ್ಚಿನ ಗಿಡಗಳ ಎಲೆ, ತೊಟ್ಟು, ಗೆಡ್ಡೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ವಸ್ತು ಸೂಜಿಯ ರೂಪದಲ್ಲಿ ಕಟ್ಟುಕಟ್ಟಾಗಿ ಇರುತ್ತದೆ. ಕೆಸುವಿನ ತೊಟ್ಟಿನ ತೆಳು ಚೂರನ್ನು ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತಿದ್ದೆ. ಕೆಲವು ಕೋಶಗಳು ಉಬ್ಬಿ, ತುದಿಯಿಂದ ಸೂಜಿಗಳನ್ನು ಒಂದೊಂದಾಗಿ ಹೊರಕ್ಕೆ ಚಿಮ್ಮುತ್ತವೆ. ಅದನ್ನು ನೋಡಿದ ಹುಡುಗರು ಆ ದಿನ ಹಾಸ್ಟೆಲ್ಲಿನಲ್ಲಿ ಕೆಸುವಿನ ಪಲ್ಯ ಮುಟ್ಟುತ್ತಿರಲಿಲ್ಲ. ಹಸಿ ಎಲೆ ಜಗಿದರೆ ನಡೆಯುವುದು ಇದೇ. ನಾಲಿಗೆ, ಗಂಟಲು ಕೆರೆಯುತ್ತದೆ, ಉರಿಯುತ್ತದೆ, ಬಾಯುತ್ತದೆ.

ಬರೀ ಸೂಜಿಯೇ ಆಗಿದ್ದರೆ ಬೇಯಿಸಿದರೂ ಪ್ರಯೋಜನ ಇರುತ್ತಿರಲಿಲ್ಲ. ಯಾಕೆಂದರೆ ಕುದಿಯುವ ನೀರಿನಲ್ಲಿ ಈ ಸೂಜಿ ಕರಗುವುದಿಲ್ಲ. ಹುಣಸೆಹುಳಿಯಲ್ಲೂ ಹೇಳಿಕೊಳ್ಳುವಷ್ಟು ಕರಗುವುದಿಲ್ಲ. "ಹುಳಿ ಸೂಜಿಯನ್ನು ಕರಗಿಸುತ್ತದೆ" ಎಂದು ನಾನೂ ಕೆಲವು ವರ್ಷ ಪಾಠ ಮಾಡಿದ್ದೆ, ತಪ್ಪು. ಸೂಜಿಯ ಮೈಗೆ ಹತ್ತಿಕೊಂಡ ಒಂದು ಬಗೆಯ ಪ್ರೋಟೀನ್ ಇದೆ. ಸೂಜಿ ಚುಚ್ಚಿ ದಾರಿ ಮಾಡುತ್ತದೆ, ಪ್ರೋಟೀನ್ ಒಳಗೆ ಹೋಗಿ ಕೆರೆತ ಎಬ್ಬಿಸುತ್ತದೆ. ಚೆನ್ನಾಗಿ ಬೆಂದರೆ ಆ ಪ್ರೋಟೀನ್ ಕೆಡುತ್ತದೆ. ಆಮೇಲೆ ಸೂಜಿ ಇದ್ದರೂ ಹಲ್ಲಿಲ್ಲದ ಹಾವು. ಹುಳಿ ಹಾಕಿದರೆ ಕೆರೆತ ಕಮ್ಮಿ ಎನ್ನುವುದು ಪ್ರತಿ ಮಲೆನಾಡ ಅಡುಗೆಮನೆಯ ಅನುಭವ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹುಣಸೆಯೋ, ಅಮಟೆಕಾಯಿಯೋ, ಮುರುಗಲೋ, ಧಾರಾಳವಾಗಿ ಹಾಕಿ. ಆದರೆ ಹುಳಿ ಹಾಕಿದ್ದೇನಲ್ಲ ಅಂತ ಹಬೆಯ ಹೊತ್ತು ಕಡಿತ ಮಾಡಬೇಡಿ. ಕೆಸುವಿನ ಎಲೆಯ ಗೊಜ್ಜಾದ ಕರಕಲಿಯನ್ನು ಹಿರಿಯರು ಅಷ್ಟು ಹೊತ್ತು ಕುದಿಸುತ್ತಿದ್ದದ್ದು ಸುಮ್ಮನೆ ಅಲ್ಲ. ನಮ್ಮ ಮನೆಯಲ್ಲಿ ಪತ್ರೊಡೆ ಮುಕ್ಕಾಲು ಗಂಟೆಗೆ ಮುಂಚೆ ಕೆಳಗಿಳಿದದ್ದಿಲ್ಲ.

ಇನ್ನು ಕಾಸರಕನ ಮರ. ಈ ನಂಬಿಕೆ ಊರೂರಲ್ಲೂ ಇದೆ. ಕಾಸರಕನ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಕಡುವಿಷ ಇರುವುದು ನಿಜ. ಆದರೆ ಮರಕೆಸು ಮರದ ರಸ ಹೀರುವ ಗಿಡವಲ್ಲ. ಅದರ ಬೇರು ಪಾಚಿ, ಕಸದಲ್ಲಿ ಇರುತ್ತದೆ, ಮರದ ಒಳಕ್ಕೆ ಇಳಿಯುವುದಿಲ್ಲ. ಮರ ಅದಕ್ಕೆ ಕೂರುವ ಜಗಲಿ, ಅಷ್ಟೇ. ಬಂದಳಿಕೆಯ ಕಥೆ ಬೇರೆ. ಅದು ಮರದೊಳಕ್ಕೆ ಬೇರು ಇಳಿಸಿ ರಸ ಹೀರುತ್ತದೆ, ಮರದ ವಿಷ ಅದಕ್ಕೆ ಬರಬಹುದು. ಬಂದಳಿಕೆಗೆ ಹೊಂದುವ ಎಚ್ಚರಿಕೆ ಕಾಲಕ್ರಮದಲ್ಲಿ ಮರಕೆಸುವಿಗೂ ಅಂಟಿಕೊಂಡಿರಬೇಕು ಎಂಬುದು ನನ್ನ ಊಹೆ.

ಹಾಗಂತ ಚಿಕ್ಕಮ್ಮನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕೊಯ್ಯುವಾಗ ಕಾಸರಕನ ಎಲೆ, ಹಣ್ಣಿನ ಚೂರು ಜೊತೆಗೆ ಬುಟ್ಟಿಗೆ ಬೀಳಬಹುದು. ಇನ್ನೊಂದು ಮರದ ವಿಷಯದಲ್ಲಂತೂ ಹಿರಿಯರ ಹೆದರಿಕೆ ನೂರಕ್ಕೆ ನೂರು ಸರಿ, ಅದು ಹೊಳಗೇರು. ಅದರ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಅದರ ಮೇಲೆ ಹತ್ತಿ ಎಲೆ ಕೊಯ್ದು, ಸೊನೆ ಕೈಗೆ ಮುಖಕ್ಕೆ ಮೆತ್ತಿಕೊಂಡು, ಆಮೇಲೆ ಮರಕೆಸು ಮೈಗೆ ಆಗಲಿಲ್ಲ ಎಂದು ದೂರಿದವರನ್ನು ನೋಡಿದ್ದೇನೆ. ಬೈಸಿಕೊಂಡದ್ದು ಪಾಪದ ಮರಕೆಸು.

ಚಿಕ್ಕಮ್ಮನ ಮಾತಿನ ಇನ್ನರ್ಧವೇ ನನಗೆ ಜಾಸ್ತಿ ಭಯ, "ಮಾವಿನದಾದರೆ ಧೈರ್ಯವಾಗಿ ತಿನ್ನು" ಎನ್ನುವುದು. ಮರದ ಗುರುತು ಗಿಡದ ಗುರುತಲ್ಲ. ಮಾವಿನ ಕವಲಲ್ಲಿ ಬೇರೆ ಏನು ಬೇಕಾದರೂ ಬೆಳೆಯಬಹುದು.

ನಿಮ್ಮ ಮುಂದಿರುವ ದಾರಿಗಳು ಇವು. ಅತಿ ಸುಲಭದ್ದು, ಮುಂದಿನ ಮಳೆಗಾಲ ಅದೇ ಮಾವಿನ ಮರದಿಂದ ಕೊಯ್ಯುವುದು. ಅದಕ್ಕೆ ನನ್ನ ಒಪ್ಪಿಗೆ ಇದೆ, ಆದರೆ ಗೊಂಚಲನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದ ಮೇಲೆ. ಕಷ್ಟ ಏನೆಂದರೆ ಪತ್ರೊಡೆಗೆ ಎಳೆ ಎಲೆ ಬೇಕು, ಅದು ಜೂನ್–ಜುಲೈನಲ್ಲಿ. ಗೊಂಚಲು ಬಲಿತು ಉದುರುವುದು ಆಮೇಲೆ. ಹಾಗಾಗಿ ಹೋದ ವರ್ಷದ ಒಣಗಿದ ಗೊಂಚಲಿನ ಕಡ್ಡಿ ಕವಲಲ್ಲಿ ಉಳಿದಿದೆಯೇ ನೋಡಿ. ಊರಲ್ಲಿ ವರ್ಷಾ ವರ್ಷ ಕೊಯ್ಯುವವರು ಒಬ್ಬರಾದರೂ ಇರುತ್ತಾರೆ, ಅವರನ್ನು ಮರದ ಕೆಳಗೆ ಕರೆದು ತೋರಿಸಿ. ನೂರು ಫೋಟೊಗಿಂತ ಅದು ಮೇಲು. ಇನ್ನೂ ಖಾತ್ರಿ ಬೇಕೆಂದರೆ ಎಲೆ, ಗೆಡ್ಡೆ, ಗೊಂಚಲು ಮೂರನ್ನೂ ಪೇಪರಿನ ನಡುವೆ ಒತ್ತಿಟ್ಟು ಶಿರಸಿಯ ಅರಣ್ಯ ಕಾಲೇಜಿನಲ್ಲಿ ತೋರಿಸಬಹುದು. ಬೆಂಗಳೂರಿನಲ್ಲಾದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಸ್ಯಸಂಗ್ರಹಾಲಯವಿದೆ.

ಇನ್ನೊಂದು ದಾರಿ ಪೇಟೆಯಲ್ಲಿ ಕಟ್ಟು ಮಾಡಿ ಮಾರುವ ಎಲೆ ಕೊಳ್ಳುವುದು. ಅದು ಹೆಚ್ಚಾಗಿ ಬೆಳೆಸಿದ ನೆಲದ ಕೆಸುವೇ ಆಗಿರುತ್ತದೆ. ರುಚಿಯಲ್ಲಿ ಅತ್ತೆಯ ಪತ್ರೊಡೆ ಆಗುವುದಿಲ್ಲ, ಕೆರೆತವೂ ಸ್ವಲ್ಪ ಜಾಸ್ತಿ. ಆದರೆ ಗುರುತಿನ ತಲೆಬಿಸಿ ಕಡಿಮೆ.

ಮಾಡಬಾರದ್ದು ಒಂದಿದೆ. "ಒಂದು ಚೂರು ಜಗಿದು ನೋಡೋಣ, ಕೆರೆಯದಿದ್ದರೆ ಒಳ್ಳೆಯದು" ಎಂಬ ಪರೀಕ್ಷೆ. ಒಳ್ಳೆ ಮರಕೆಸುವೂ ಹಸಿಯಾಗಿ ಕೆರೆಯುತ್ತದೆ, ಹಾಗಾಗಿ ಪರೀಕ್ಷೆಗೆ ಅರ್ಥವೇ ಇಲ್ಲ. ಬೇರೆ ಗಿಡವಾಗಿದ್ದರೆ ನಾಲಿಗೆ ಬಾತು ಮಾತು ನಿಲ್ಲಬಹುದು. ಮಕ್ಕಳು ಮನೆಯ ಅಂದದ ಗಿಡ ಕಚ್ಚಿಬಿಟ್ಟರೆ ಬಾಯಿ ಒರೆಸಿ, ತೊಳೆದು, ತಣ್ಣನೆ ಹಾಲೋ ಮೊಸರೋ ಕೊಡಿ. ವಾಂತಿ ಮಾಡಿಸಬೇಡಿ. ತುಟಿ, ನಾಲಿಗೆ ಬಾಯುತ್ತಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಹೊರಡಿ. ರಸ ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಹತ್ತು ಹದಿನೈದು ನಿಮಿಷ ತೊಳೆದು ವೈದ್ಯರಿಗೆ ತೋರಿಸಿ. ಮನೆಯಲ್ಲಿ ಯಾರಿಗಾದರೂ ಮೂತ್ರಪಿಂಡದ ಕಲ್ಲು ಆಗಿದ್ದರೆ ಪತ್ರೊಡೆ ಅವರಿಗೆ ಒಳ್ಳೆಯ ಊಟವಲ್ಲ. ಬೇಯಿಸಿದರೆ ಕೆರೆತ ಹೋಗುತ್ತದೆ, ಆಕ್ಸಲೇಟ್ ಪೂರ್ತಿ ಹೋಗುವುದಿಲ್ಲ.

ಕೊಯ್ಯುವಾಗ ಒಂದು ಲೆಕ್ಕ ಇಟ್ಟುಕೊಳ್ಳಿ. ಒಂದು ಗೆಡ್ಡೆಗೆ ವರ್ಷಕ್ಕೆ ಒಂದೋ ಎರಡೋ ಎಲೆ. ಆ ಎಲೆಯೇ ಅದರ ಇಡೀ ವರ್ಷದ ದುಡಿಮೆ. ಕವಲಲ್ಲಿ ಹತ್ತು ಎಲೆ ಕಂಡರೆ ಅದು ಹತ್ತು ಗಿಡ. ಎಲ್ಲವನ್ನೂ ಕಿತ್ತರೆ ಮುಂದಿನ ವರ್ಷ ಗೆಡ್ಡೆಗಳು ಬಡವಾಗಿ ಏಳುತ್ತವೆ ಅಥವಾ ಏಳುವುದೇ ಇಲ್ಲ. ನಮ್ಮ ಅಜ್ಜಿ ಒಂದು ವರ್ಷ ಕೊಯ್ದ ಮರವನ್ನು ಮರುವರ್ಷ ಮುಟ್ಟುತ್ತಿರಲಿಲ್ಲ. ನಿಮ್ಮ ಹಿತ್ತಲಿನ ಮರ ನಿಮ್ಮದು. ಮೀಸಲು ಅರಣ್ಯದೊಳಗೆ ಹೋಗಿ ಗೆಡ್ಡೆ ಕೀಳುವುದು ಕಾನೂನಿಗೆ ವಿರುದ್ಧ, ಅಭಯಾರಣ್ಯದಲ್ಲಂತೂ ಎಲೆಯನ್ನೂ ಮುಟ್ಟುವಂತಿಲ್ಲ.

ಇನ್ನು ನಿಮ್ಮ ಕುಂಡ. ನವೆಂಬರ್‌ನಲ್ಲಿ ಎಲೆ ಹಳದಿಯಾಗಿ ಬಿದ್ದದ್ದು ರೋಗವಲ್ಲ, ಅದು ಅದರ ನಿದ್ದೆ. ಊರಲ್ಲಿ ಮಾವಿನ ಮರದ ಮೇಲಿನದೂ ಈಗ ಹಾಗೇ ಇರುತ್ತದೆ, ನೋಡಿದರೆ ಬರೀ ಒಣ ಪಾಚಿ. ಈ ಗಿಡಗಳು ಸಾಯುವುದು ಹೆಚ್ಚಾಗಿ ಪ್ರೀತಿಯಿಂದ. ಎಲೆ ಬಿತ್ತು ಅಂತ ದಿನಾ ನೀರು ಹಾಕುತ್ತಾರೆ, ಗೆಡ್ಡೆ ಕೊಳೆಯುತ್ತದೆ. ನೀರು ನಿಲ್ಲಿಸಿ. ಕುಂಡವನ್ನು ಮಳೆ ಬೀಳದ ನೆರಳಿನಲ್ಲಿ ಇಡಿ. ಮಣ್ಣು ಜಿಗುಟಾಗಿದ್ದರೆ ಏಪ್ರಿಲ್‌ನಲ್ಲಿ ಬದಲಿಸಿ. ಕೊಳೆತ ಎಲೆಗೊಬ್ಬರ, ತೆಂಗಿನ ನಾರು, ಸ್ವಲ್ಪ ಇದ್ದಿಲ ಚೂರು ಇದ್ದರೆ ಸಾಕು, ಹಾಕಿದ ನೀರು ತಕ್ಷಣ ಇಳಿದುಹೋಗಬೇಕು. ಗೆಡ್ಡೆಯನ್ನು ಆಳಕ್ಕೆ ಹೂಳಬೇಡಿ, ಮೇಲೆ ಬೆರಳ ದಪ್ಪ ಮುಚ್ಚಿದರೆ ಆಯಿತು. ಮೇ ತಿಂಗಳ ಮೊದಲ ದೊಡ್ಡ ಮಳೆಗೆ ಕುಂಡವನ್ನು ಹೊರಗಿಡಿ. ಬೆಂಗಳೂರಿನ ಗಾಳಿ ಶಿರಸಿಯಷ್ಟು ಒದ್ದೆಯಲ್ಲ, ಎಲೆ ಚಿಕ್ಕದಾಗಿಯೇ ಬರುತ್ತದೆ, ಅದಕ್ಕೆ ಬೇಜಾರು ಬೇಡ. ಮೊದಲ ಎರಡು ವರ್ಷ ಎಲೆ ಕೀಳಬೇಡಿ.

ನೀವು ಸೀರೆಯಿಂದ ಬಿಡಿಸಿ ಹಾಕಿದ ಆ ಕೊಕ್ಕೆಗಳನ್ನು ಎಲ್ಲಿ ಎಸೆದಿರಿ ಎಂದು ಬರೆದಿಲ್ಲ. ಅಂಗಳದ ಬದಿಗಾದರೆ, ಮುಂದಿನ ಚೌತಿಗೆ ಹೋದಾಗ ಅಲ್ಲಿನ ಕಲ್ಲುಸಂದಿಯನ್ನು ಒಮ್ಮೆ ನೋಡಿ. ಉಗುರಗಲದ ಎಲೆಗಳು ಸಾಲಾಗಿ ಎದ್ದಿದ್ದರೆ ಎಲೆಯ ಬೆನ್ನಿನ ಫೋಟೊ ತೆಗೆದು ಕಳಿಸಿ.